ಭಟ್ಟಾಕಲಂಕದೇವರು: ಕಣ್ಣಿಗೆ ಕಂಡದ್ದು ಪ್ರತ್ಯಕ್ಷವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಆಚಾರ್ಯರು

ಕಣ್ಣಾರೆ ಕಂಡೆ ಎಂಬುದಕ್ಕಿಂತ ದೊಡ್ಡ ಸಾಕ್ಷಿ ಲೋಕವ್ಯವಹಾರದಲ್ಲಿ ಇಲ್ಲ. ಊರ ಪಂಚಾಯಿತಿಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಪ್ರತ್ಯಕ್ಷದರ್ಶಿಯ ಮಾತಿಗೆ ಬೆಲೆ ಹೆಚ್ಚು. ಆದರೆ ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯವನ್ನು ಸ್ವಾಧ್ಯಾಯಕ್ಕೆ ತೆರೆದವರಿಗೆ ಒಂದು ಅಚ್ಚರಿ ಎದುರಾಗುತ್ತದೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಮತ್ತು ಮನಸ್ಸಿನ ಮೂಲಕ ಬರುವ ಮತಿಜ್ಞಾನವನ್ನು ಉಮಾಸ್ವಾಮಿ ಆಚಾರ್ಯರು ಅಲ್ಲಿ ಪರೋಕ್ಷವೆಂದು ಕರೆದಿದ್ದಾರೆ. ಕಣ್ಣೆದುರಿನ ದೀಪವೂ ಪರೋಕ್ಷ, ಕೈಯಲ್ಲಿ ಹಿಡಿದ ಹಣ್ಣೂ ಪರೋಕ್ಷ. ಹಾಗಾದರೆ ಮನುಷ್ಯನಿಗೆ ಲೋಕ ನಿಜವಾಗಿಯೂ ಕಾಣುತ್ತಿದೆಯೇ? ಅಥವಾ ಇಂದ್ರಿಯಗಳು ತಂದುಕೊಟ್ಟ ಸುದ್ದಿಯನ್ನು, ಮನಸ್ಸು ಕಟ್ಟಿಕೊಂಡ ಕಲ್ಪನೆಯನ್ನು ಮಾತ್ರ ಅವನು ಲೋಕವೆಂದು ನಂಬಿದ್ದಾನೆಯೇ?

ಈ ಪ್ರಶ್ನೆಯನ್ನು ಜೈನ ದರ್ಶನದ ಒಳಗಿನಿಂದಲೂ ಹೊರಗಿನ ವಾದಿಗಳ ಎದುರಿನಲ್ಲಿಯೂ ಎದುರಿಸಿ, ಮುಂದಿನ ಸಾವಿರ ವರ್ಷ ನಿಲ್ಲುವ ಉತ್ತರ ಕೊಟ್ಟವರು ಭಟ್ಟಾಕಲಂಕದೇವರು. ಜೈನ ನ್ಯಾಯಶಾಸ್ತ್ರಕ್ಕೆ ಅಕಲಂಕನ್ಯಾಯ ಎಂಬ ಹೆಸರೇ ಬರುವಷ್ಟು ಅವರ ಪ್ರಭಾವ ದೊಡ್ಡದು.

ಕಾಲ ಮತ್ತು ಊರು

ಅಕಲಂಕರು ಕ್ರಿ.ಶ. 8ನೆಯ ಶತಮಾನದವರೆಂಬುದು ಇಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವರ ಬಗ್ಗೆ ದೊರೆಯುವ ಮುಖ್ಯ ಶಾಸನಾಧಾರ ಶ್ರವಣಬೆಳಗೊಳದಲ್ಲಿದೆ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯ ಕಂಬದ ಮೇಲಿರುವ, 1129ರ ಮಲ್ಲಿಷೇಣ ಪ್ರಶಸ್ತಿಯು ಅಕಲಂಕರು ಸಾಹಸತುಂಗನೆಂಬ ಅರಸನ ಸಭೆಯಲ್ಲಿ ಮಾತನಾಡಿದ್ದನ್ನೂ, ಹಿಮಶೀತಲನೆಂಬ ಅರಸನ ಆಸ್ಥಾನದಲ್ಲಿ ಬೌದ್ಧ ಪಂಡಿತರನ್ನು ವಾದದಲ್ಲಿ ಗೆದ್ದದ್ದನ್ನೂ ಹೇಳುತ್ತದೆ. ಸಾಹಸತುಂಗನೆಂದರೆ ಬಾದಾಮಿ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟ ಆಳ್ವಿಕೆಗೆ ಅಡಿಪಾಯ ಹಾಕಿದ ದಂತಿದುರ್ಗ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ.

ತಂದೆಯ ಹೆಸರಿನ ವಿಚಾರದಲ್ಲಿ ಆಧಾರಗಳು ಒಂದೇ ಮಾತು ಹೇಳುವುದಿಲ್ಲ. ತತ್ತ್ವಾರ್ಥರಾಜವಾರ್ತಿಕದ ಮೊದಲ ಅಧ್ಯಾಯದ ಕೊನೆಯ ಪದ್ಯವು ಅವರನ್ನು ಲಘುಹವ್ವನೆಂಬ ಅರಸನ ಮಗನೆನ್ನುತ್ತದೆ. ಪ್ರಭಾಚಂದ್ರರ ಕಥಾಕೋಶದ ಪ್ರಕಾರ ಅವರು ಮಾನ್ಯಖೇಟದ ಮಂತ್ರಿ ಪುರುಷೋತ್ತಮನ ಮಗ. 19ನೆಯ ಶತಮಾನದಲ್ಲಿ ದೇವಚಂದ್ರನು ಕನ್ನಡದಲ್ಲಿ ಬರೆದ ರಾಜಾವಳಿ ಕಥೆಯಲ್ಲಿ ಕಂಚಿಯ ಜಿನದಾಸನ ಮಗ. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದು ರಾಷ್ಟ್ರಕೂಟರ ರಾಜಧಾನಿಯಾಗಿ ಬೆಳೆದದ್ದು 9ನೆಯ ಶತಮಾನದ ಅಮೋಘವರ್ಷನ ಕಾಲದಲ್ಲಿ. ಆದುದರಿಂದ ಕಥೆಗಳಲ್ಲಿ ಹಿಂದಿನ ಕಾಲದ ನೆನಪಿನ ಮೇಲೆ ನಂತರದ ಕಾಲದ ವೈಭವವೂ ಬೆರೆತಿದೆ ಎನ್ನಬೇಕು.

ಇಲ್ಲಿ ಇನ್ನೊಂದು ಸ್ಪಷ್ಟನೆ ಅಗತ್ಯ. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ ಭಟ್ಟಾಕಳಂಕರು ಬೇರೆಯವರು. ಇಬ್ಬರ ನಡುವೆ ಎಂಟು ಶತಮಾನಗಳಿಗೂ ಹೆಚ್ಚಿನ ಅಂತರವಿದೆ.

ಅಣ್ಣ ತಮ್ಮಂದಿರ ಕಥೆ

ಕಥಾಕೋಶದಲ್ಲಿ ಬರುವ ಬಾಲ್ಯದ ಕಥೆಯನ್ನು ಇಂದಿಗೂ ಜೈನ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ಪುರುಷೋತ್ತಮನಿಗೆ ಅಕಲಂಕ, ನಿಷ್ಕಲಂಕ ಎಂಬ ಇಬ್ಬರು ಮಕ್ಕಳು. ಅಷ್ಟಾಹ್ನಿಕ ಪರ್ವದಲ್ಲಿ ತಂದೆತಾಯಿ ಮುನಿಗಳ ಬಳಿ ಎಂಟು ದಿನಗಳ ಬ್ರಹ್ಮಚರ್ಯ ವ್ರತ ತೆಗೆದುಕೊಂಡರು. ಜೊತೆಗಿದ್ದ ಮಕ್ಕಳಿಗೂ ವಿನೋದಕ್ಕೆಂಬಂತೆ ಅದೇ ವ್ರತ ಕೊಡಿಸಿದರು. ಮಕ್ಕಳು ಬೆಳೆದು ಮದುವೆಯ ಮಾತು ಬಂದಾಗ, ತಾವು ಆಗಲೇ ವ್ರತ ತೆಗೆದುಕೊಂಡಿದ್ದೇವೆ ಎಂದರು. ಅದು ಎಂಟು ದಿನದ್ದು, ಅದೂ ಆಟಕ್ಕೆ ಎಂದು ತಂದೆ ವಿವರಿಸಿದರೂ, ಧರ್ಮದಲ್ಲಿ ಆಟವಿಲ್ಲ, ತಮಗೆ ವ್ರತ ಕೊಡುವಾಗ ಯಾರೂ ಅವಧಿ ಹೇಳಿರಲಿಲ್ಲ ಎಂದು ಮಕ್ಕಳು ಪಟ್ಟು ಬಿಡಲಿಲ್ಲ.

ವಾದದಲ್ಲಿ ನಿಲ್ಲಬೇಕಾದರೆ ಎದುರು ಪಕ್ಷವನ್ನು ಅದರ ಮನೆಯಲ್ಲಿಯೇ ಕಲಿಯಬೇಕು. ಹಾಗೆಂದು ಸಹೋದರರು ತಮ್ಮ ಗುರುತು ಮರೆಸಿ ಬೌದ್ಧ ವಿದ್ಯಾಪೀಠಕ್ಕೆ ಸೇರಿದರು. ಒಂದು ದಿನ ಪಾಠ ಹೇಳುತ್ತಿದ್ದ ಗುರು ಸಪ್ತಭಂಗಿಯನ್ನು ಕುರಿತ ಪೂರ್ವಪಕ್ಷದಲ್ಲಿ ಪಾಠ ಅಶುದ್ಧವಾಗಿದ್ದುದರಿಂದ ಅರ್ಥ ಹತ್ತದೆ ನಿಂತರು. ಅಕಲಂಕ ಯಾರೂ ಕಾಣದಂತೆ ಅದನ್ನು ತಿದ್ದಿಟ್ಟ. ಶಿಷ್ಯರಲ್ಲಿ ಯಾರೋ ಜೈನರಿದ್ದಾರೆಂದು ಗುರುವಿಗೆ ಅನುಮಾನ ಬಂದು, ಎಲ್ಲರೂ ಜಿನಪ್ರತಿಮೆಯನ್ನು ದಾಟಬೇಕೆಂಬ ಪರೀಕ್ಷೆ ಒಡ್ಡಿದರು. ಅಕಲಂಕ ಪ್ರತಿಮೆಯ ಮೇಲೆ ಒಂದು ಎಳೆ ದಾರವನ್ನು ಇಟ್ಟು, ದಾರವಿರುವ ಮೂರ್ತಿ ದಿಗಂಬರ ಜಿನಮೂರ್ತಿಯಲ್ಲವೆಂದು ಮನಸ್ಸಿನಲ್ಲಿ ನಿಶ್ಚಯಿಸಿ ದಾಟಿದ. ಕೊನೆಗೆ ನಡುರಾತ್ರಿ ಕಂಚಿನ ಪಾತ್ರೆಗಳನ್ನು ಕೆಡವಿ ದೊಡ್ಡ ಸದ್ದು ಮಾಡಿಸಿದಾಗ, ನಿದ್ದೆಯಿಂದ ಬೆಚ್ಚಿ ಎದ್ದ ಸಹೋದರರ ಬಾಯಿಂದ ಪಂಚ ನಮಸ್ಕಾರ ಮಂತ್ರ ಹೊರಟಿತು.

ಸೆರೆಯಿಂದ ತಪ್ಪಿಸಿಕೊಂಡು ಓಡುವಾಗ ಬೆನ್ನಟ್ಟಿದವರು ಸಮೀಪಿಸಿದರು. ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಸಿಕೊಳ್ಳುವ ಅಣ್ಣ ಬದುಕಿದರೆ ಧರ್ಮಕ್ಕೆ ಹೆಚ್ಚು ಉಪಕಾರವೆಂದು ಹೇಳಿ, ನಿಷ್ಕಲಂಕ ಅವನನ್ನು ತಾವರೆಕೊಳದಲ್ಲಿ ಅಡಗಿಸಿ ತಾನು ಮುಂದೆ ಓಡಿದ. ಏನೆಂದು ತಿಳಿಯದೆ ಹೆದರಿ ಅವನ ಜೊತೆ ಓಡಿದ ಒಬ್ಬ ಅಗಸನೂ ಅವನೂ ಕೊಲೆಯಾದರು. ಬೆನ್ನಟ್ಟಿದವರು ಇಬ್ಬರನ್ನು ಕಂಡರು, ಇಬ್ಬರನ್ನೂ ಸಹೋದರರೆಂದೇ ತಿಳಿದರು.

ಈ ಕಥೆಗಳು ಅಕಲಂಕರ ಕಾಲಕ್ಕಿಂತ ಬಹಳ ಈಚೆಗೆ ಬರಹಕ್ಕೆ ಇಳಿದವು. ಮಠಗಳು ಪರಸ್ಪರ ವಾದಕ್ಕೆ ನಿಂತಿದ್ದ ಕಾಲದ ಬಿಸಿ ಅವುಗಳಲ್ಲಿ ಇದೆ. ಇತಿಹಾಸದ ದೃಷ್ಟಿಯಿಂದ ಉಳಿಯುವ ಮಾತು ಇಷ್ಟು: ಅಕಲಂಕರು ದಿಙ್ನಾಗ, ಧರ್ಮಕೀರ್ತಿ ಮೊದಲಾದ ಬೌದ್ಧ ಆಚಾರ್ಯರ ಗ್ರಂಥಗಳನ್ನು ತಳಮುಟ್ಟ ಓದಿದ್ದರು. ಅವರ ಕೃತಿಗಳ ಪ್ರತಿಯೊಂದು ಪುಟವೂ ಅದಕ್ಕೆ ಸಾಕ್ಷಿ.

ಪರದೆಯ ಹಿಂದಿನ ದನಿ

ಹಿಮಶೀತಲನ ಆಸ್ಥಾನದ ವಾದದ ಕಥೆ ಇನ್ನೂ ಪ್ರಸಿದ್ಧ. ರಾಣಿ ಮದನಸುಂದರಿ ಜಿನರಥೋತ್ಸವ ನಡೆಸಲು ಬಯಸಿದಾಗ, ವಾದದಲ್ಲಿ ಗೆದ್ದವರ ರಥ ಮೊದಲು ಹೊರಡಲಿ ಎಂದಾಯಿತು. ಬೌದ್ಧ ಗುರು ಪರದೆಯ ಹಿಂದೆ ಕುಳಿತು ವಾದ ನಡೆಸಿದ. ತಿಂಗಳುಗಳು ಉರುಳಿದರೂ ವಾದ ಮುಗಿಯಲಿಲ್ಲ. ನಿಜವಾಗಿ ಉತ್ತರಿಸುತ್ತಿದ್ದದ್ದು ಮಡಕೆಯಲ್ಲಿ ಆವಾಹನೆಗೊಂಡಿದ್ದ ತಾರಾದೇವಿ ಎಂದು ಕಥೆ ಹೇಳುತ್ತದೆ. ಚಕ್ರೇಶ್ವರಿ ದೇವಿಯ ಸೂಚನೆಯಂತೆ ಅಕಲಂಕರು ಹಿಂದಿನ ದಿನದ ಮಾತನ್ನೇ ಮತ್ತೊಮ್ಮೆ ಹೇಳುವಂತೆ ಕೇಳಿದರು. ಒಮ್ಮೆ ಹೇಳಿದ್ದನ್ನು ತಿರುಗಿ ಹೇಳದ ದನಿ ಸುಮ್ಮನಾಯಿತು. ಅಕಲಂಕರು ಪರದೆ ಸರಿಸಿ ಒಳಗೆ ಹೋಗಿ ಮಡಕೆಯನ್ನು ಕಾಲಿನಿಂದ ಒಡೆದರು.

ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಮಡಕೆ ಒಡೆದ ಮಾತು ಇದೆ. ಆದರೆ ಅಲ್ಲಿ ಗಮನಿಸಬೇಕಾದದ್ದು ಗೆಲುವಲ್ಲ, ಗೆದ್ದ ಮನಸ್ಸು. ಅಹಂಕಾರದಿಂದಲೂ ಅಲ್ಲ, ದ್ವೇಷದಿಂದಲೂ ಅಲ್ಲ, ಆತ್ಮವಿಲ್ಲವೆಂಬ ಮತವನ್ನು ಹಿಡಿದು ಜನ ಕೆಡುತ್ತಿದ್ದಾರೆಂಬ ಕರುಣೆಯಿಂದ ಈ ವಾದ ಮಾಡಿದ್ದಾಗಿ ಅಕಲಂಕರು ಹೇಳಿದರೆಂಬುದು ಶಾಸನದ ಭಾವ. ವಾದದ ಗುರಿ ಎದುರಾಳಿಯನ್ನು ಕೆಳಗಿಳಿಸುವುದಲ್ಲ ಎಂಬ ಈ ಮಾತನ್ನು ಶಾಸನ ಬರೆದವರು ಮರೆಯದೆ ಕೆತ್ತಿಸಿದ್ದಾರೆ.

ಬಿಡಿಸಬೇಕಿದ್ದ ಗಂಟು

ಕಥೆಯ ಪರದೆಯನ್ನು ಒಂದೇ ಕೈಯಲ್ಲಿ ಸರಿಸಬಹುದು. ಶಾಸ್ತ್ರದಲ್ಲಿ ಅಕಲಂಕರಿಗೆ ಎದುರಾದ ಪರದೆ ಅಷ್ಟು ಸುಲಭದ್ದಾಗಿರಲಿಲ್ಲ.

ಆಗಮ ಪರಂಪರೆಯಲ್ಲಿ ಅಕ್ಷ ಎಂದರೆ ಆತ್ಮ. ಬೇರೆ ಯಾವುದರ ನೆರವೂ ಇಲ್ಲದೆ ಆತ್ಮವು ನೇರವಾಗಿ ತಿಳಿಯುವುದೇ ಪ್ರತ್ಯಕ್ಷ. ಅವಧಿ, ಮನಃಪರ್ಯಯ, ಕೇವಲ ಎಂಬ ಮೂರು ಜ್ಞಾನಗಳು ಮಾತ್ರ ಆ ಹೆಸರಿಗೆ ಅರ್ಹ. ಇಂದ್ರಿಯ ಮತ್ತು ಮನಸ್ಸಿನ ಬಾಗಿಲಿನಿಂದ ಬರುವ ಮತಿ, ಶ್ರುತಗಳು ಪರೋಕ್ಷ. ಆದರೆ ನೈಯಾಯಿಕರು, ಮೀಮಾಂಸಕರು, ಬೌದ್ಧರು ಎಲ್ಲರೂ ಅಕ್ಷ ಎಂದರೆ ಇಂದ್ರಿಯವೆಂದು ಹಿಡಿದು, ಇಂದ್ರಿಯಜ್ಞಾನವನ್ನೇ ಪ್ರತ್ಯಕ್ಷವೆನ್ನುತ್ತಿದ್ದರು. ರಾಜಸಭೆಯಲ್ಲಿ ನಿಂತು, ಕಣ್ಣೆದುರಿನ ಕಂಬ ಪರೋಕ್ಷ ಎಂದರೆ ಸಭೆ ನಗುತ್ತಿತ್ತು. ಕಂಬ ಪ್ರತ್ಯಕ್ಷ ಎಂದರೆ ಆಗಮಕ್ಕೆ ವಿರೋಧ ಬರುತ್ತಿತ್ತು.

ಅಕಲಂಕರು ಪ್ರತ್ಯಕ್ಷಕ್ಕೆ ವಿಶದವಾದ ಜ್ಞಾನ, ಅಂದರೆ ಸ್ಪಷ್ಟವಾದ ಜ್ಞಾನ ಎಂಬ ಲಕ್ಷಣ ಕೊಟ್ಟರು. ಬೆಟ್ಟದ ಮೇಲೆ ಬೆಂಕಿ ಇದೆಯೆಂದು ನಂಬಿಕೆಯವರೊಬ್ಬರು ಹೇಳಿದರೆ ತಿಳಿಯುತ್ತದೆ. ಹೊಗೆ ಕಂಡು ಊಹಿಸಿದರೂ ತಿಳಿಯುತ್ತದೆ. ಹತ್ತಿರ ಹೋಗಿ ನೋಡಿದಾಗ ಉರಿಯ ಬಣ್ಣ, ಎತ್ತರ, ಹರಡಿದ ರೀತಿ ಎಲ್ಲ ಕಾಣುತ್ತದೆ. ಅನುಮಾನಾದಿಗಳಲ್ಲಿ ಸಿಗದ ಈ ವಿಶೇಷಗಳು ತೋರುವುದೇ ವೈಶದ್ಯ. ಈ ಲಕ್ಷಣದ ಅಡಿಯಲ್ಲಿ ಅವರು ಪ್ರತ್ಯಕ್ಷವನ್ನು ಎರಡಾಗಿ ವಿಂಗಡಿಸಿದರು. ಆತ್ಮದಿಂದಲೇ ನೇರವಾಗಿ ಬರುವುದು ಮುಖ್ಯ ಪ್ರತ್ಯಕ್ಷ. ಇಂದ್ರಿಯ ಮತ್ತು ಮನಸ್ಸಿನ ಮೂಲಕ ಬಂದು ಲೋಕವ್ಯವಹಾರಕ್ಕೆ ಸ್ಪಷ್ಟವಾಗಿರುವುದು ಸಾಂವ್ಯವಹಾರಿಕ ಪ್ರತ್ಯಕ್ಷ.

ಈ ದಾರಿಯನ್ನು ಶ್ವೇತಾಂಬರ ಪರಂಪರೆಯ ಜಿನಭದ್ರಗಣಿ ಕ್ಷಮಾಶ್ರಮಣರು ಅಕಲಂಕರಿಗಿಂತ ಮೊದಲೇ ಸೂಚಿಸಿದ್ದರು. ಅದನ್ನು ಪ್ರಮಾಣಶಾಸ್ತ್ರದ ಪೂರ್ಣ ವ್ಯವಸ್ಥೆಯಾಗಿ ಕಟ್ಟಿದ ಕೀರ್ತಿ ಅಕಲಂಕರದು. ನಂತರ ಎರಡೂ ಪರಂಪರೆಗಳ ನ್ಯಾಯಗ್ರಂಥಗಳು ಇದೇ ವಿಂಗಡಣೆಯನ್ನು ಸ್ವೀಕರಿಸಿದವು.

ನೋಡುವುದು ಎಂದರೆ ಏನು

ಇಂದ್ರಿಯಜ್ಞಾನ ಒಂದೇ ಏಟಿಗೆ ಆಗುವುದಿಲ್ಲ. ಅದಕ್ಕೆ ಅವಗ್ರಹ, ಈಹಾ, ಅವಾಯ, ಧಾರಣೆ ಎಂಬ ನಾಲ್ಕು ಮೆಟ್ಟಿಲುಗಳಿವೆ. ದೂರದಲ್ಲಿ ಏನೋ ಬೆಳ್ಳಗೆ ಕಂಡದ್ದು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ ಎಂದು ತಿಳಿಯಲು ಮನಸ್ಸು ಹೊರಡುವುದು ಈಹಾ. ರೆಕ್ಕೆ ಬಡಿದು ಏರಿ ಇಳಿಯುವುದರಿಂದ ಬೆಳ್ಳಕ್ಕಿಯೇ ಎಂಬ ನಿಶ್ಚಯ ಅವಾಯ. ಬೆಳಿಗ್ಗೆ ಕಂಡದ್ದು ಇದೇ ಎಂದು ಮುಂದೆ ಗುರುತಿಸಲು ಸಾಧ್ಯವಾಗುವಂತೆ ಅದು ಮನಸ್ಸಿನಲ್ಲಿ ನಿಲ್ಲುವುದು ಧಾರಣೆ. ಕಿವಿ, ಮೂಗು, ನಾಲಿಗೆ, ಚರ್ಮಗಳ ವಿಷಯದಲ್ಲಿ ಇದಕ್ಕೂ ಮೊದಲು ಅಸ್ಪಷ್ಟವಾದ ವ್ಯಂಜನಾವಗ್ರಹವಿದೆ. ಹೊಸ ಮಡಕೆಯ ಮೇಲೆ ಬಿದ್ದ ಮೊದಲ ಒಂದೆರಡು ಹನಿಗಳು ಇಂಗಿ ಹೋಗುತ್ತವೆ, ಮತ್ತೆ ಮತ್ತೆ ಬಿದ್ದಾಗ ಮಡಕೆ ಒದ್ದೆಯಾಗುತ್ತದೆ. ನಿದ್ದೆಯಲ್ಲಿದ್ದವನನ್ನು ಕೂಗಿದಾಗ ಮೊದಲ ಕೂಗುಗಳು ಕಿವಿಗೆ ತಾಗಿಯೂ ತಿಳಿಯದಿರುವುದು ಹೀಗೆಯೇ.

ಧರ್ಮಕೀರ್ತಿಯ ವಾದ ಈ ಮೆಟ್ಟಿಲುಗಳ ನಡುವೆಯೇ ಗೆರೆ ಎಳೆದಿತ್ತು. ಯಾವ ಕಲ್ಪನೆಯೂ ಸೇರದ ಮೊದಲ ಕ್ಷಣದ ಅರಿವು ಮಾತ್ರ ಪ್ರತ್ಯಕ್ಷ, ಅದರ ನಂತರ ಬರುವ ಬೆಳ್ಳಕ್ಕಿ, ಬಾವುಟ ಎಂಬ ನಿಶ್ಚಯವೆಲ್ಲ ಮನಸ್ಸು ಹೊದಿಸಿದ ಕಲ್ಪನೆ ಎಂಬುದು ಆ ಪಕ್ಷ. ಅಕಲಂಕರ ಉತ್ತರ ಸರಳ. ಏನೆಂದು ನಿಶ್ಚಯಿಸಲಾರದ ಅರಿವಿನಿಂದ ಯಾರೂ ಒಂದು ಹೆಜ್ಜೆ ಇಡಲಾರರು. ಹಾವೋ ಹಗ್ಗವೋ ತಿಳಿಯದವನು ಹಿಂದೆ ಸರಿಯಲೂ ಆರ, ಕೈ ಹಾಕಲೂ ಆರ. ಹಿತವನ್ನು ಹಿಡಿಯಲು, ಅಹಿತವನ್ನು ಬಿಡಲು ನೆರವಾಗುವುದೇ ಪ್ರಮಾಣವಾದರೆ, ನಿಶ್ಚಯವುಳ್ಳ ಸವಿಕಲ್ಪ ಜ್ಞಾನವೇ ಪ್ರಮಾಣ. ಮನಸ್ಸಿನ ನಿಶ್ಚಯವು ವಸ್ತುವಿನ ಮೇಲೆ ಹೊದಿಸಿದ ಬಟ್ಟೆಯಲ್ಲ. ವಸ್ತುವಿನಲ್ಲಿಯೇ ಇರುವ ಸಾಮಾನ್ಯ ಮತ್ತು ವಿಶೇಷಗಳನ್ನು ಅದು ಹಿಡಿಯುತ್ತದೆ.

ವಿಜ್ಞಾನವಾದಿಗಳು ಇನ್ನೂ ಮುಂದೆ ಹೋಗಿದ್ದರು. ನೀಲಿ ಬಣ್ಣವೂ ನೀಲಿಯ ಅರಿವೂ ಯಾವಾಗಲೂ ಜೊತೆಯಾಗಿಯೇ ಸಿಗುತ್ತವೆ, ಆದುದರಿಂದ ಅವೆರಡೂ ಒಂದೇ, ಅರಿವಿನ ಹೊರಗೆ ವಸ್ತುವಿಲ್ಲ ಎಂಬುದು ಅವರ ಮಾತು. ಜೊತೆಯಾಗಿ ಸಿಗುವುದರಿಂದ ಎರಡು ಒಂದಾಗುವುದಿಲ್ಲ ಎಂಬುದು ಅಕಲಂಕರ ಪಕ್ಷ. ಜೊತೆ ಎಂಬ ಮಾತೇ ಎರಡನ್ನು ಒಪ್ಪಿದಂತೆ. ದೀಪವು ತನ್ನನ್ನೂ ತೋರಿಸಿಕೊಂಡು ಸುತ್ತಲಿನ ವಸ್ತುವನ್ನೂ ತೋರಿಸುವಂತೆ, ಜ್ಞಾನ ತನ್ನನ್ನೂ ಪರವಸ್ತುವನ್ನೂ ಬೆಳಗುತ್ತದೆ. ಇದು ಪಂಡಿತರ ಜಗಳ ಮಾತ್ರ ಆಗಿರಲಿಲ್ಲ. ಹೊರಗಿನ ಜೀವಗಳು ಅರಿವಿನ ನೆರಳುಗಳಷ್ಟೇ ಆದರೆ, ಇರುವೆಯನ್ನು ಕಂಡು ಕಾಲು ಸರಿಸುವುದಕ್ಕೆ, ನೀರು ಸೋಸುವುದಕ್ಕೆ ಏನು ಅರ್ಥ? ಅಹಿಂಸೆಯ ಆಚರಣೆಯೆಲ್ಲವೂ ಇನ್ನೊಂದು ಜೀವ ನಿಜವಾಗಿ ಇದೆ, ಅದರ ನೋವು ನಿಜ ಎಂಬ ಅರಿವಿನ ಮೇಲೆ ನಿಂತಿದೆ.

ಎರಡು ಚಂದ್ರರನ್ನು ಕಂಡವನು

ಹಾಗಾದರೆ ಇಂದ್ರಿಯಗಳು ಮೋಸ ಮಾಡುವುದಿಲ್ಲವೇ? ಮಾಡುತ್ತವೆ. ಈ ಕಡೆ ಅಕಲಂಕರು ಕೊಟ್ಟ ವಿವರಣೆ ಅವರ ಚಿಂತನೆಯಲ್ಲಿಯೇ ಬಹಳ ಸೂಕ್ಷ್ಮವಾದದ್ದು.

ತಿಮಿರವೆಂಬ ಕಣ್ಣಿನ ರೋಗವಿರುವವನಿಗೆ ಆಕಾಶದಲ್ಲಿ ಎರಡು ಚಂದ್ರರು ಕಾಣುತ್ತಾರೆ. ಅವನ ಅರಿವು ಪೂರ್ತಿ ಸುಳ್ಳೆಂದು ಎಲ್ಲರೂ ತಳ್ಳಿಹಾಕುತ್ತಿದ್ದರು. ಅಕಲಂಕರು ಹಾಗೆ ಮಾಡಲಿಲ್ಲ. ಎರಡು ಎಂಬ ಲೆಕ್ಕ ತಪ್ಪು, ಆದರೆ ಅಲ್ಲಿರುವುದು ಚಂದ್ರ ಎಂಬುದು ಸರಿ. ಎಷ್ಟು ಅಂಶದಲ್ಲಿ ವಸ್ತುವಿನೊಂದಿಗೆ ಹೊಂದುತ್ತದೆಯೋ ಅಷ್ಟು ಅಂಶದಲ್ಲಿ ಅದು ಪ್ರಮಾಣ. ಇನ್ನೊಂದು ಕಡೆ, ಕಣ್ಣು ಚೆನ್ನಾಗಿರುವವನಿಗೂ ಹುಟ್ಟುವ ಚಂದ್ರ ನೆಲಕ್ಕೆ ತಾಗಿದಂತೆ, ಹತ್ತಿರವೇ ಇರುವಂತೆ ಕಾಣುತ್ತಾನೆ. ಅಷ್ಟರಮಟ್ಟಿಗೆ ಒಳ್ಳೆಯ ಕಣ್ಣಿನ ಅರಿವೂ ತಪ್ಪು. ರೋಗಿಯ ನೋಟದಲ್ಲಿ ನಿಜವುಂಟು, ಆರೋಗ್ಯವಂತನ ನೋಟದಲ್ಲಿ ಹುಸಿಯುಂಟು.

ಹಾಗಿದ್ದರೆ ಒಂದನ್ನು ಪ್ರಮಾಣ, ಇನ್ನೊಂದನ್ನು ಅಪ್ರಮಾಣ ಎನ್ನುವುದು ಹೇಗೆ? ಯಾವುದು ಹೆಚ್ಚಾಗಿದೆಯೋ ಅದರ ಹೆಸರು. ಕಸ್ತೂರಿಯಂಥ ವಸ್ತುವಿಗೆ ಬಣ್ಣ, ರುಚಿ, ಸ್ಪರ್ಶ ಎಲ್ಲವೂ ಇವೆ. ಆದರೂ ಪರಿಮಳ ಹೆಚ್ಚಾದುದರಿಂದ ಗಂಧದ್ರವ್ಯ ಎನ್ನುತ್ತಾರೆ. ಅರಿವಿನ ಹೆಸರೂ ಹೀಗೆಯೇ. ಪ್ರಮಾಣದ ವಿಷಯದಲ್ಲಿಯೂ ಅನೇಕಾಂತವನ್ನು ಕೈಬಿಡದ ಈ ನಿಲುವು, ಕಂಡದ್ದೆಲ್ಲ ನಿಜವೆಂಬ ಹಟವನ್ನೂ ಕಂಡದ್ದೆಲ್ಲ ಮಾಯೆಯೆಂಬ ನಿರಾಕರಣೆಯನ್ನೂ ಒಟ್ಟಿಗೆ ದೂರ ಇಡುತ್ತದೆ.

ಕೊಳೆ ಹಿಡಿದ ರತ್ನ

ಇಂದ್ರಿಯಗಳ ಮೂಲಕ ಕಂಡದ್ದು ಸುಳ್ಳಲ್ಲ, ಆದರೆ ಅಪೂರ್ಣ. ಈ ಅಪೂರ್ಣತೆಗೆ ಕಾರಣ ವಸ್ತುವಲ್ಲ, ಜ್ಞಾನಾವರಣ ಕರ್ಮ. ಲಘೀಯಸ್ತ್ರಯದಲ್ಲಿ ಅಕಲಂಕರು ಇದಕ್ಕೆ ಕೊಳೆ ಮೆತ್ತಿದ ರತ್ನದ ಹೋಲಿಕೆ ಕೊಡುತ್ತಾರೆ. ಕೊಳೆ ಎಲ್ಲಿ ಎಷ್ಟು ಕಳಚಿದೆಯೋ ಅಲ್ಲಿ ಅಷ್ಟು ಹೊಳಪು ಬಗೆಬಗೆಯಾಗಿ ತೋರುತ್ತದೆ. ಕರ್ಮ ಮುಸುಕಿದ ಆತ್ಮದ ಅರಿವೂ ಹಾಗೆ ಬಗೆಬಗೆಯಾಗಿದೆ. ಒಬ್ಬರ ಅರಿವಿಗೂ ಇನ್ನೊಬ್ಬರ ಅರಿವಿಗೂ ಇರುವ ವ್ಯತ್ಯಾಸ ಕ್ಷಯೋಪಶಮದ ವ್ಯತ್ಯಾಸ. ಹೊಳಪು ಹೊರಗಿನಿಂದ ತಂದು ಹಚ್ಚಿದ್ದಲ್ಲ, ರತ್ನದ್ದೇ ಆದದ್ದು.

ಇಲ್ಲಿಗೆ ಮೊದಲ ಪ್ರಶ್ನೆಯ ಉತ್ತರ ಕೂಡುತ್ತದೆ. ಇಂದ್ರಿಯಗಳು ಕಿಟಕಿಗಳು, ನೋಡುವವನು ಆತ್ಮ. ಕಿಟಕಿಯಿಂದ ಕಂಡ ಬೀದಿ ನಿಜವಾದ ಬೀದಿಯೇ, ಆದರೆ ಪೂರ್ತಿ ಬೀದಿಯಲ್ಲ. ಗೋಡೆಯೇ ಇಲ್ಲವಾದಾಗ ಕಿಟಕಿ ಬೇಕಿಲ್ಲ. ಆವರಣವೆಲ್ಲ ಕಳೆದ ಕೇವಲಜ್ಞಾನವನ್ನು ಉಮಾಸ್ವಾಮಿ ಆಚಾರ್ಯರು ಪ್ರತ್ಯಕ್ಷವೆಂದು ಕರೆದುದರ ಅರ್ಥ ಇದು. ಅಕಲಂಕರು ಸೂತ್ರವನ್ನೂ ಬಿಡಲಿಲ್ಲ, ಲೋಕಾನುಭವವನ್ನೂ ಬಿಡಲಿಲ್ಲ.

ಕೃತಿಗಳು ಮತ್ತು ಪರಂಪರೆ

ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ಒಳಗೊಂಡು ಬೆಳೆದ ತತ್ತ್ವಾರ್ಥರಾಜವಾರ್ತಿಕ, ಸಮಂತಭದ್ರರ ಆಪ್ತಮೀಮಾಂಸೆಗೆ ಬರೆದ ಅಷ್ಟಶತಿ, ಸ್ವತಂತ್ರ ಕೃತಿಗಳಾದ ಲಘೀಯಸ್ತ್ರಯ, ನ್ಯಾಯವಿನಿಶ್ಚಯ, ಸಿದ್ಧಿವಿನಿಶ್ಚಯ, ಪ್ರಮಾಣಸಂಗ್ರಹ ಅವರ ಮುಖ್ಯ ಗ್ರಂಥಗಳು. ಮಾತು ಬಹಳ ಬಿಗಿ, ವ್ಯಾಖ್ಯಾನವಿಲ್ಲದೆ ತಿಳಿಯುವುದು ಕಷ್ಟ. ಎಂಟುನೂರು ಶ್ಲೋಕ ಪ್ರಮಾಣದ ಅಷ್ಟಶತಿಯ ಮೇಲೆ ವಿದ್ಯಾನಂದರು ಎಂಟು ಸಾವಿರ ಪ್ರಮಾಣದ ಅಷ್ಟಸಹಸ್ರಿ ಬರೆದರು. ಲಘೀಯಸ್ತ್ರಯಕ್ಕೆ ಪ್ರಭಾಚಂದ್ರರ ನ್ಯಾಯಕುಮುದಚಂದ್ರ, ನ್ಯಾಯವಿನಿಶ್ಚಯಕ್ಕೆ ವಾದಿರಾಜರ ವಿವರಣ, ಸಿದ್ಧಿವಿನಿಶ್ಚಯಕ್ಕೆ ಅನಂತವೀರ್ಯರ ಟೀಕೆ ಬಂದವು. ಮಾಣಿಕ್ಯನಂದಿಗಳು ಅಕಲಂಕರ ವಿಚಾರಗಳನ್ನು ಕಡೆದು ಪರೀಕ್ಷಾಮುಖವೆಂಬ ಸೂತ್ರಗ್ರಂಥ ರಚಿಸಿದರು. ಇಂದಿಗೂ ಜೈನ ನ್ಯಾಯದ ಪಾಠಗಳಲ್ಲಿ ಅದನ್ನು ಓದಿಸುತ್ತಾರೆ.

ಕಾಲಕ್ರಮದಲ್ಲಿ ನ್ಯಾಯವಿನಿಶ್ಚಯ, ಸಿದ್ಧಿವಿನಿಶ್ಚಯಗಳ ಮೂಲಪಾಠ ಬಿಡಿಯಾಗಿ ಸಿಗದಾಯಿತು. ವ್ಯಾಖ್ಯಾನಗಳ ಒಳಗೆ ಚದುರಿದ್ದ ಪದಗಳನ್ನು ಆಯ್ದು ಜೋಡಿಸಿ ಮೂಲವನ್ನು ಮತ್ತೆ ಕಟ್ಟಬೇಕಾಯಿತು. ಆ ಶ್ರಮದಲ್ಲಿ ಪಂಡಿತ ಮಹೇಂದ್ರಕುಮಾರ ನ್ಯಾಯಾಚಾರ್ಯರ ಹೆಸರು ಮೊದಲು ಬರುತ್ತದೆ. ಅವರು ಸಂಪಾದಿಸಿದ ಅಕಲಂಕಗ್ರಂಥತ್ರಯ 1939ರಲ್ಲಿಯೂ ಸಿದ್ಧಿವಿನಿಶ್ಚಯ ಟೀಕೆ 1959ರಲ್ಲಿಯೂ ಪ್ರಕಟವಾದವು.

ಧನಂಜಯನ ನಾಮಮಾಲೆಯ ಕೊನೆಯಲ್ಲಿ ಅಕಲಂಕರ ಪ್ರಮಾಣ, ಪೂಜ್ಯಪಾದರ ವ್ಯಾಕರಣ ಮತ್ತು ಧನಂಜಯನ ಕಾವ್ಯವನ್ನು ಮೂರು ರತ್ನಗಳೆಂದು ಎಣಿಸಿದೆ. ಶ್ರವಣಬೆಳಗೊಳಕ್ಕೆ ಹೋದವರು ವಿಂಧ್ಯಗಿರಿಯ ಬಾಹುಬಲಿಯ ದರ್ಶನ ಮುಗಿಸಿ ಚಂದ್ರಗಿರಿಯನ್ನೂ ಹತ್ತಿದರೆ, ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಪ್ರಶಸ್ತಿಯ ಕಂಬವನ್ನು ನೋಡಬಹುದು. ಅಕ್ಷರ ಓದಲು ಬಾರದವರಿಗೂ ಕಂಬ ಕಾಣುತ್ತದೆ. ಓದಬಲ್ಲವರಿಗೆ ದ್ವೇಷವಿಲ್ಲದೆ ವಾದಿಸಿದ ಆಚಾರ್ಯರೊಬ್ಬರು ಕಾಣುತ್ತಾರೆ. ಇಬ್ಬರೂ ಕಂಡದ್ದು ನಿಜವೇ. ಕಂಡದ್ದರ ಪ್ರಮಾಣ ಮಾತ್ರ ಬೇರೆ.